ಅಮೆರಿಕದಲ್ಲಿ ‘ಬಿಳಿಯ’ ಎಂದರೆ ಯಾರು?



ಮನುಷ್ಯರ ಭಾಷೆ ಮತ್ತು ಬಣ್ಣಗಳಲ್ಲಿರುವ ವೈವಿಧ್ಯವು ತನ್ನ ನಿದರ್ಶನಗಳಲ್ಲಿ ಒಂದೆಂದು ಅಲ್ಲಾಹನು ಸೂರಃ ಅರ್ರೂಮ್‌ನಲ್ಲಿ ತಿಳಿಸಿದ್ದಾನೆ. ಬಣ್ಣ ಅವನ ಸೃಷ್ಟಿ. ಆ ಬಣ್ಣದ ಹೆಸರಿನಲ್ಲಿ ‘ಇವನು ಮೇಲು, ಅವನು ಕೀಳು’ ಎಂದು ಪಟ್ಟಿ ತಯಾರಿಸಿದವನು ಮನುಷ್ಯ. ಆ ಪಟ್ಟಿ ಹೇಗೆ ತಯಾರಾಗುತ್ತದೆ, ಯಾರ ಲಾಭಕ್ಕಾಗಿ ತಯಾರಾಗುತ್ತದೆ ಎಂಬುದನ್ನು ಅಮೆರಿಕದ ಇತಿಹಾಸ ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಅಲ್ಲಿ ಅದೆಲ್ಲವೂ ಕಾನೂನು ಪುಸ್ತಕಗಳಲ್ಲಿ ಮತ್ತು ಕೋರ್ಟಿನ ತೀರ್ಪುಗಳಲ್ಲಿ ದಾಖಲಾಗಿದೆ.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅಲ್ಲಿನ ಅರ್ಜಿಗಳಲ್ಲಿ ‘ನಿಮ್ಮ ಜನಾಂಗ ಯಾವುದು?’ ಎಂಬ ಪ್ರಶ್ನೆ ಅವರಿಗೆ ಎದುರಾಗುತ್ತದೆ. ಆ ಪ್ರಶ್ನೆಯ ಹಿಂದಿನ ಕಥೆಯನ್ನು ಅವರೂ ತಿಳಿದಿರಬೇಕು, ಇಲ್ಲಿರುವ ನಾವೂ ತಿಳಿದಿರಬೇಕು.

ತೋಳು ಮಡಚಿ ತೋರಿಸಿದ ವ್ಯಾಪಾರಿ

ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ ಒಬ್ಬ ವ್ಯಾಪಾರಿಯಿದ್ದ. ಅಫ್ಘಾನ್ ಮೂಲದವನು, ಹುಟ್ಟಿದ್ದು ಕಲ್ಕತ್ತಾದಲ್ಲಿ. ಕೋರ್ಟಿನ ದಾಖಲೆಯಲ್ಲಿ ಅವನ ಹೆಸರು ಅಬ್ಬಾ ಡೊಲ್ಲಾ ಎಂದಿದೆ. ಅವನು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ. 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗೆ ಮಾತ್ರ ಪೌರತ್ವ ಸಿಗುತ್ತಿತ್ತು. ಗುಲಾಮಗಿರಿ ಕೊನೆಗೊಂಡ ಬಳಿಕ, 1870ರಲ್ಲಿ, ಆಫ್ರಿಕನ್ ಮೂಲದವರನ್ನೂ ಸೇರಿಸಲಾಯಿತು. ಈ ಎರಡು ವರ್ಗಗಳಿಗೆ ಸೇರದವನು ಎಷ್ಟು ವರ್ಷ ಅಲ್ಲಿ ಬಾಳಿದರೂ ಪರಕೀಯನೇ.

ಹಾಗಾದರೆ ಡೊಲ್ಲಾ ಬಿಳಿಯನೇ? ಅದನ್ನು ತೀರ್ಮಾನಿಸಲು ನ್ಯಾಯಾಧೀಶರು ಅವನ ಅಂಗಿಯ ತೋಳು ಮೇಲೆ ಸರಿಸಲು ಹೇಳಿದರು. ಬಿಸಿಲು ತಾಗದ ಕಡೆ ಚರ್ಮದೊಳಗಿನ ನೀಲಿ ನರ ಕಾಣುತ್ತದೆಯೇ ಎಂದು ನೋಡಿದರು. ಬಿಳಿಯರನ್ನು ಮಾತ್ರ ಹೂಳುವ ಸ್ಮಶಾನದಲ್ಲಿ ಅವನು ಜಾಗ ಖರೀದಿಸಿದ್ದ ಎಂಬುದೂ ಅವನ ಪರ ಪುರಾವೆಯಾಯಿತು. ಅವನಿಗೆ ಪೌರತ್ವ ಸಿಕ್ಕಿತು. ಸರಕಾರದ ಮೇಲ್ಮನವಿ 1910ರಲ್ಲಿ ವಜಾ ಆಯಿತು.

ಸ್ವಲ್ಪ ಯೋಚಿಸಿ. ‘ಬಿಳಿಯ’ ಎಂಬುದು ಕಣ್ಣಿಗೆ ಕಾಣುವ ಸರಳ ಸತ್ಯವಾಗಿದ್ದರೆ ಅದನ್ನು ತಿಳಿಯಲು ನ್ಯಾಯಾಧೀಶ ಏಕೆ ಬೇಕು? ಸ್ಮಶಾನದ ರಸೀದಿ ಏಕೆ ಬೇಕು?

ಈ ಪದ ಕಾನೂನಿಗೆ ಬಂದ ಬಗೆ

ಈಗಿನ ಅಮೆರಿಕದ ವರ್ಜೀನಿಯಾದಲ್ಲಿ ಇಂಗ್ಲಿಷರು ವಸಾಹತು ಕಟ್ಟಿದ ಮೊದಲ ದಶಕಗಳಲ್ಲಿ ಹೊಗೆಸೊಪ್ಪಿನ ತೋಟಗಳಿಗೆ ಆಳುಗಳು ಬೇಕಿದ್ದರು. ಇಂಗ್ಲೆಂಡಿನ ಬಡವರು ಇಷ್ಟು ವರ್ಷ ದುಡಿಯುತ್ತೇವೆಂದು ಕರಾರು ಬರೆದುಕೊಟ್ಟು ಬರುತ್ತಿದ್ದರು. 1619ರಿಂದ ಆಫ್ರಿಕನ್ನರನ್ನು ಹಿಡಿದು ತರಲಾಯಿತು. ಆಗ ತೋಟದ ಮಾಲಕರು ತಮ್ಮನ್ನು ‘ಬಿಳಿಯರು’ ಎಂದು ಕರೆದುಕೊಳ್ಳುತ್ತಿದ್ದುದು ಕಡಿಮೆ. ‘ಇಂಗ್ಲಿಷರು’ ಅಥವಾ ‘ಕ್ರೈಸ್ತರು’ ಎನ್ನುತ್ತಿದ್ದರು. ಒಂದು ಕಡೆ ಕ್ರೈಸ್ತರು, ಇನ್ನೊಂದು ಕಡೆ ನೀಗ್ರೋಗಳು ಮತ್ತು ಮೂಲನಿವಾಸಿಗಳು. ಇದು ಆಗಿನ ಗಡಿರೇಖೆ.

ಈ ರೇಖೆಗೆ ಒಂದು ತೊಡಕಿತ್ತು. ಗುಲಾಮನು ಕ್ರೈಸ್ತ ಧರ್ಮಕ್ಕೆ ಸೇರಿದರೆ ಏನು ಮಾಡುವುದು? 1667ರಲ್ಲಿ ವರ್ಜೀನಿಯಾದ ಶಾಸನಸಭೆ ಇದಕ್ಕೆ ಉತ್ತರ ಕೊಟ್ಟಿತು: ದೀಕ್ಷಾಸ್ನಾನ ಪಡೆದರೂ ಗುಲಾಮ ಗುಲಾಮನೇ. ಅದಕ್ಕೂ ಮೊದಲು, 1662ರಲ್ಲಿ, ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತದೆ ಎಂಬ ಕಾನೂನು ಬಂದಿತ್ತು. ಅಂದರೆ ಯಜಮಾನನೇ ಗುಲಾಮ ಸ್ತ್ರೀಯಲ್ಲಿ ಮಗುವನ್ನು ಪಡೆದರೂ ಆ ಮಗು ಅವನ ಸೊತ್ತು.

1676ರಲ್ಲಿ ಬೇಕನ್ ಎಂಬಾತನ ನೇತೃತ್ವದಲ್ಲಿ ದಂಗೆ ನಡೆಯಿತು. ಇಂಗ್ಲಿಷ್ ಆಳುಗಳು ಮತ್ತು ಆಫ್ರಿಕನ್ ಗುಲಾಮರು ಒಂದೇ ಪಡೆಯಲ್ಲಿ ನಿಂತರು. ರಾಜಧಾನಿ ಜೇಮ್ಸ್‌ಟೌನ್ ಸುಟ್ಟುಹೋಯಿತು. ಆ ದಂಗೆ ನ್ಯಾಯದ ದಂಗೆಯೇನೂ ಆಗಿರಲಿಲ್ಲ. ಅದರ ಮೊದಲ ಗುರಿ ಮೂಲನಿವಾಸಿಗಳ ಭೂಮಿಯಾಗಿತ್ತು. ಆದರೆ ಬಡವರು ಬಣ್ಣ ನೋಡದೆ ಒಟ್ಟಾದರೆ ಏನಾಗಬಹುದೆಂದು ಸಿರಿವಂತರು ಕಂಡರು.

ಮುಂದಿನ ಕಾನೂನುಗಳು ಈ ಎರಡು ಗುಂಪುಗಳನ್ನು ಬೇರ್ಪಡಿಸುತ್ತಾ ಹೋದವು. 1691ರ ಕಾನೂನಿನಲ್ಲಿ ‘ಬಿಳಿಯ’ ಎಂಬ ಪದ ಬಂತು. ನೀಗ್ರೋ ಅಥವಾ ಮೂಲನಿವಾಸಿಯನ್ನು ಮದುವೆಯಾಗುವ ಬಿಳಿಯರಿಗೆ ಗಡೀಪಾರು ಶಿಕ್ಷೆ. 1705ರ ಕಾನೂನಿನಲ್ಲಿ ಬಿಳಿಯ ಆಳಿಗೆ ಕೆಲವು ಸವಲತ್ತುಗಳು ಸಿಕ್ಕಿದವು. ಕರಾರಿನ ಅವಧಿ ಮುಗಿದ ಗಂಡಾಳಿಗೆ ಜೋಳ, ಹಣ ಮತ್ತು ಬಂದೂಕು ಕೊಡಬೇಕು. ನ್ಯಾಯಾಧಿಕಾರಿಯ ಆದೇಶವಿಲ್ಲದೆ ಅವನನ್ನು ಬೆತ್ತಲೆ ಮಾಡಿ ಹೊಡೆಯುವಂತಿಲ್ಲ. ಆದರೆ ಕರಿಯನೊಬ್ಬ ಬಿಳಿಯ ಕ್ರೈಸ್ತನ ಮೇಲೆ ಕೈಯೆತ್ತಿದರೆ 30 ಛಡಿಯೇಟು.

ಬಡ ಇಂಗ್ಲಿಷನ ಬಡತನ ಇದರಿಂದ ಹೋಗಲಿಲ್ಲ. ಭೂಮಿ ಸಿರಿವಂತರ ಕೈಯಲ್ಲೇ ಉಳಿಯಿತು. ಅವನಿಗೆ ಸಿಕ್ಕಿದ್ದು ತನಗಿಂತ ಕೆಳಗೆ ಯಾವಾಗಲೂ ಒಬ್ಬನಿದ್ದಾನೆ ಎಂಬ ಸಮಾಧಾನ. ಕಪ್ಪು ವರ್ಣೀಯ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬೋಯಿಸ್ 1935ರ ತಮ್ಮ ಗ್ರಂಥದಲ್ಲಿ ಇದನ್ನೇ ವಿವರಿಸಿದರು. ಬಿಳಿಯ ಕಾರ್ಮಿಕನಿಗೆ ಕೂಲಿ ಕಡಿಮೆಯಾದರೂ, ಗೌರವದ ರೂಪದಲ್ಲಿ ಇನ್ನೊಂದು ಕೂಲಿ ಸಿಗುತ್ತಿತ್ತು ಎಂಬುದು ಅವರ ವಾದ.

ಮೂರು ತಿಂಗಳಲ್ಲಿ ಬದಲಾದ ಅರ್ಥ

ಈಗ ಪೌರತ್ವದ ಪ್ರಶ್ನೆಗೆ ಮರಳೋಣ. 1878ರಿಂದ 1952ರ ತನಕ ‘ನಾನು ಬಿಳಿಯ’ ಎಂದು ಸಾಬೀತುಪಡಿಸಲು ವಲಸಿಗರು ಕೋರ್ಟು ಹತ್ತಿದ 50ಕ್ಕೂ ಹೆಚ್ಚು ಪ್ರಕರಣಗಳಿವೆ. ಇವುಗಳಲ್ಲಿ ಎರಡು ಬಹಳ ಮುಖ್ಯ.

ಮೊದಲನೆಯವರು ತಕಾವೊ ಒಜಾವಾ. ಜಪಾನಿನಲ್ಲಿ ಹುಟ್ಟಿ, ಅಮೆರಿಕದ ನೆಲದಲ್ಲಿ 20 ವರ್ಷ ಬಾಳಿದವರು. ಕ್ಯಾಲಿಫೋರ್ನಿಯಾದಲ್ಲಿ ಓದಿದವರು. ಮನೆಯಲ್ಲೂ ಇಂಗ್ಲಿಷ್ ಮಾತನಾಡುತ್ತಿದ್ದರು. ತನ್ನ ಚರ್ಮ ಎಷ್ಟೋ ಯುರೋಪಿಯನ್ನರಿಗಿಂತ ಬಿಳಿ ಎಂದು ಅವರು ವಾದಿಸಿದರು. 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚರ್ಮದ ಬಣ್ಣ ಮಾನದಂಡವಲ್ಲ, ‘ಬಿಳಿಯ’ ಎಂದರೆ ಕಕೇಶಿಯನ್ ಜನಾಂಗದವನು ಎಂದಿತು.

ಎರಡನೆಯವರು ನಮ್ಮ ಉಪಖಂಡದವರು, ಪಂಜಾಬಿನ ಸಿಖ್ ಭಗತ್ ಸಿಂಗ್ ತಿಂದ್. ಮೊದಲ ಮಹಾಯುದ್ಧದ ವೇಳೆ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಉತ್ತರ ಭಾರತದವರನ್ನು ಅಂದಿನ ಜನಾಂಗ ಶಾಸ್ತ್ರಜ್ಞರು ಕಕೇಶಿಯನ್ನರೆಂದೇ ವರ್ಗೀಕರಿಸಿದ್ದರು. ಹಾಗಾದರೆ ಹಿಂದಿನ ತೀರ್ಪಿನಂತೆ ತಿಂದ್ ಗೆಲ್ಲಬೇಕಿತ್ತು. ಆದರೆ 1923ರ ಫೆಬ್ರವರಿಯಲ್ಲಿ ಅದೇ ಕೋರ್ಟು ಬೇರೆ ಮಾತು ಹೇಳಿತು. ವಿಜ್ಞಾನಿಗಳು ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಯಾರು ಬಿಳಿಯನೋ ಅವನೇ ಬಿಳಿಯ. ತಿಂದ್ ಬಿಳಿಯನಲ್ಲ. ಎರಡೂ ತೀರ್ಪುಗಳನ್ನು ಬರೆದವರು ಒಬ್ಬರೇ ನ್ಯಾಯಮೂರ್ತಿ, ಜಾರ್ಜ್ ಸದರ್‌ಲ್ಯಾಂಡ್. ಅವರು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು.

ಬಿಳಿ ಚರ್ಮವಿದ್ದವನಿಗೆ ಚರ್ಮ ಸಾಲದು ಎಂದರು, ಶಾಸ್ತ್ರದ ಆಧಾರವಿದ್ದವನಿಗೆ ಶಾಸ್ತ್ರ ಸಾಲದು ಎಂದರು. ಬಾಗಿಲು ಯಾರಿಗೆ ಮುಚ್ಚಬೇಕೆಂದು ಮೊದಲೇ ತೀರ್ಮಾನವಾಗಿತ್ತು, ಕಾರಣ ಆಮೇಲೆ ಹುಡುಕಲಾಯಿತು.

ಇಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತಿಂದ್ ಪರ ಮಂಡಿಸಲಾದ ವಾದವೇನು ಗೊತ್ತೇ? ಅವರು ಮೇಲ್ಜಾತಿಯ ಆರ್ಯ ರಕ್ತದವರು, ಕೆಳಜಾತಿಯವರೊಂದಿಗೆ ಮದುವೆ ಸಂಬಂಧ ಬೆಳೆಸದವರು ಎಂದು. ಹೊರಗೆ ನಿಲ್ಲಿಸಲ್ಪಟ್ಟವನೂ ಒಳಗೆ ಹೋಗಲು ತನಗಿಂತ ಕೆಳಗಿನವನನ್ನು ತುಳಿದೇ ಮೆಟ್ಟಿಲು ಹತ್ತಲು ನೋಡಿದ. ‘ಬಾಗಿಲು ಏಕಿದೆ?’ ಎಂಬ ಪ್ರಶ್ನೆ ಬರಲಿಲ್ಲ. ‘ನನ್ನನ್ನು ಮಾತ್ರ ಒಳಗೆ ಬಿಡಿ’ ಎಂಬ ಬೇಡಿಕೆ ಬಂತು.

ಆ ತೀರ್ಪಿನ ನಂತರ ಈಗಾಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲಾಯಿತು. ಪೌರರಾಗಲು ಅರ್ಹತೆ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಭೂಮಿ ಹೊಂದುವಂತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಹೀಗೆ ಪೌರತ್ವವನ್ನೂ ಆಸ್ತಿಯನ್ನೂ ಕಳೆದುಕೊಂಡು, 1928ರಲ್ಲಿ ನೊಂದು ಪ್ರಾಣ ಕಳೆದುಕೊಂಡರು. ಪತ್ನಿ ಕಲಾ ಮತ್ತು ಮಕ್ಕಳು ಉಳಿದರು. ಒಂದು ಪದದ ಅರ್ಥ ಬದಲಾದದ್ದಕ್ಕೆ ಒಂದು ಕುಟುಂಬ ತೆತ್ತ ಬೆಲೆ ಇದು.

ಧರ್ಮವೂ ಬಣ್ಣವಾಯಿತು

ಅರಬರ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಸಿರಿಯಾ ಪ್ರದೇಶದ ಕ್ರೈಸ್ತ ಜಾರ್ಜ್ ಡೌ ಅವರನ್ನು ಕೆಳಗಿನ ಕೋರ್ಟು ಬಿಳಿಯನಲ್ಲ ಎಂದಿತು. 1915ರಲ್ಲಿ ಮೇಲಿನ ಕೋರ್ಟು ಬಿಳಿಯ ಎಂದಿತು. 1942ರಲ್ಲಿ ಯಮನ್‌ನ ಮುಸ್ಲಿಂ ಅಹ್ಮದ್ ಹಸನ್ ಮಿಷಿಗನ್‌ನಲ್ಲಿ ಅರ್ಜಿ ಹಾಕಿದಾಗ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು ಕಪ್ಪು ಛಾಯೆಯ ಚರ್ಮ. ಇನ್ನೊಂದು, ಮುಸ್ಲಿಮರ ಸಂಸ್ಕೃತಿಗೂ ಕ್ರೈಸ್ತ ಯುರೋಪಿಗೂ ನಡುವೆ ದೊಡ್ಡ ಕಂದಕವಿದೆ ಎಂಬುದು. ನಂಬಿಕೆಯನ್ನೇ ಇಲ್ಲಿ ಜನಾಂಗದ ಗುರುತಾಗಿ ಎಣಿಸಲಾಯಿತು.

ಎರಡೇ ವರ್ಷಗಳ ಬಳಿಕ, 1944ರಲ್ಲಿ, ಮ್ಯಾಸಚೂಸೆಟ್ಸ್‌ನ ಇನ್ನೊಬ್ಬ ನ್ಯಾಯಾಧೀಶರು ಅರೇಬಿಯಾದ ಮುಹಮ್ಮದ್ ಮೊಹ್ರಿಯೆಝ್‌ಗೆ ಪೌರತ್ವ ನೀಡಿದರು. ಅರಬರ ಜ್ಞಾನವು ಯುರೋಪಿಗೆ ಹರಿದುಬಂದ ಇತಿಹಾಸವನ್ನು ಅವರು ನೆನಪಿಸಿದರು. ಅರಬರು ಬದಲಾಗಿರಲಿಲ್ಲ, ಇಸ್ಲಾಮೂ ಬದಲಾಗಿರಲಿಲ್ಲ. ಬದಲಾದದ್ದು ನ್ಯಾಯಪೀಠದಲ್ಲಿ ಕುಳಿತವರು.

ಭಾರತೀಯರಿಗೆ 1946ರಲ್ಲಿ ಪೌರತ್ವದ ದಾರಿ ತೆರೆಯಿತು. 1952ರಲ್ಲಿ ಜನಾಂಗದ ಷರತ್ತೇ ರದ್ದಾಯಿತು. ಆದರೆ ಹಣೆಪಟ್ಟಿಗಳು ನಿಲ್ಲಲಿಲ್ಲ. 1920ರಿಂದ 1940ರ ತನಕದ ಅಮೆರಿಕದ ಜನಗಣತಿಯಲ್ಲಿ ಭಾರತದವರನ್ನೆಲ್ಲ, ಮುಸ್ಲಿಮರೂ ಸಿಖ್ಖರೂ ಸೇರಿ, ‘ಹಿಂದು’ ಎಂಬ ಜನಾಂಗವಾಗಿ ಬರೆಯಲಾಗಿತ್ತು. 1970ರಲ್ಲಿ ಅದೇ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಲಾಯಿತು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಹೊಸ ಕಾಲಂ ಬಂತು. ಅರಬರು ಸರಕಾರಿ ಕಾಗದದಲ್ಲಿ ಬಿಳಿಯರಾಗಿಯೇ ಇದ್ದರು. ಆದರೆ 2001ರ ದಾಳಿಯ ಬಳಿಕ 25 ದೇಶಗಳಿಂದ ಬಂದ ಗಂಡಸರನ್ನು ವಿಶೇಷ ನೋಂದಣಿಗೆ ಕರೆದಾಗ, ಆ ದೇಶಗಳಲ್ಲಿ ಬಹುತೇಕ ಎಲ್ಲವೂ ಮುಸ್ಲಿಂ ಬಹುಸಂಖ್ಯಾತ ದೇಶಗಳಾಗಿದ್ದವು. ಕಾಗದದ ಬಿಳಿತನ ಅವರಿಗೆ ನೆರವಾಗಲಿಲ್ಲ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಕಾಲಂ ನೀಡಲು ಅಮೆರಿಕ ಸರಕಾರ ನಿರ್ಧರಿಸಿದ್ದು 2024ರ ಮಾರ್ಚ್‌ನಲ್ಲಿ.

ಕಲ್ಪಿತವಾದರೆ ಸುಳ್ಳೇ?

ಕೆಲವರು ಕೇಳಬಹುದು: ಇದೆಲ್ಲ ಮನುಷ್ಯ ಕಟ್ಟಿದ ಕಲ್ಪನೆಯಾದರೆ ಅದಕ್ಕೇಕೆ ಇಷ್ಟು ಮಹತ್ವ? ನೋಟಿನ ಉದಾಹರಣೆ ನೋಡಿ. 500 ರೂಪಾಯಿಯ ನೋಟು ಒಂದು ಕಾಗದ. ಸರಕಾರವೂ ಜನರೂ ಒಪ್ಪಿರುವ ತನಕ ಅದರಿಂದ ಅಕ್ಕಿ ಬರುತ್ತದೆ, ಔಷಧ ಬರುತ್ತದೆ. 2016ರ ನವೆಂಬರ್ 8ರ ರಾತ್ರಿ ಒಂದು ಘೋಷಣೆಯಿಂದ ಹಳೆಯ ನೋಟಿನ ಬೆಲೆ ಹೋಯಿತು, ಕಾಗದ ಮಾತ್ರ ಉಳಿಯಿತು. ಮನುಷ್ಯ ಕೊಟ್ಟ ಬೆಲೆಯೂ ಹೊಟ್ಟೆ ತುಂಬಿಸುತ್ತದೆ, ಉಪವಾಸವನ್ನೂ ಕೆಡವುತ್ತದೆ.

ಬಿಳಿತನವೂ ಹಾಗೆಯೇ. ಯಾವುದೇ ಇಬ್ಬರು ಮನುಷ್ಯರ ವಂಶವಾಹಿಗಳು ಸುಮಾರು 99.9 ಶೇಕಡಾ ಒಂದೇ ಎಂದು ವಿಜ್ಞಾನ ಹೇಳುತ್ತದೆ. ಆದರೂ 1930ರ ದಶಕದಲ್ಲಿ ಅಮೆರಿಕದ ಸರಕಾರಿ ಸಂಸ್ಥೆಗಳು ನಗರಗಳ ನಕ್ಷೆ ತಯಾರಿಸಿ, ಕರಿಯರು ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದವು. ಅಂಥ ಕಡೆ ಮನೆ ಸಾಲ ಅಪಾಯಕಾರಿ ಎಂದು ಅದರ ಅರ್ಥ. ಬಿಳಿಯರ ಬಡಾವಣೆಗಳಿಗೆ ಸರಕಾರದ ಖಾತರಿಯೊಂದಿಗೆ ಸಾಲ ಸಿಕ್ಕಿತು. ಮನೆ ಇದ್ದವನ ಮಕ್ಕಳಿಗೆ ಆಸ್ತಿ ಸಿಕ್ಕಿತು, ಒಳ್ಳೆಯ ಶಾಲೆ ಸಿಕ್ಕಿತು. ಮನೆ ಸಿಗದವನ ಮಕ್ಕಳು ಬಾಡಿಗೆಯಲ್ಲೇ ಉಳಿದರು. ಕಲ್ಪನೆಯಿಂದ ಹುಟ್ಟಿದ ಗೆರೆ ಹೀಗೆ ಇಟ್ಟಿಗೆ ಸಿಮೆಂಟಿನ ಗೋಡೆಯಾಯಿತು.

ಮಕ್ಕಾದಲ್ಲಿ ಕಂಡದ್ದು

ಈ ಗೋಡೆಯೊಳಗೆ ಬೆಳೆದವರು ಮಾಲ್ಕಮ್ ಎಕ್ಸ್. ಬಿಳಿಯರೆಲ್ಲರೂ ಹುಟ್ಟಿನಿಂದಲೇ ಕೆಟ್ಟವರು ಎಂಬ ಬೋಧನೆಯನ್ನು ಅವರು ವರ್ಷಗಟ್ಟಲೆ ಸಾರಿದ್ದರು. 1964ರಲ್ಲಿ ಹಜ್ಜ್‌ಗೆ ಹೋದಾಗ ಬಿಳಿ ಚರ್ಮದ, ನೀಲಿ ಕಣ್ಣಿನ ಹಾಜಿಗಳೊಂದಿಗೆ ಉಂಡರು, ಜೊತೆಯಾಗಿ ನಮಾಝ್ ಮಾಡಿದರು. ಅವರ ನಡವಳಿಕೆಯಲ್ಲಿ ಬಿಳಿಯನೆಂಬ ಹಮ್ಮು ಇರಲಿಲ್ಲ. ಅಮೆರಿಕದಲ್ಲಿ ‘ಬಿಳಿಯ’ ಎಂಬ ಮಾತು ಚರ್ಮಕ್ಕಿಂತ ಹೆಚ್ಚಾಗಿ ಒಂದು ಮನೋಭಾವ ಮತ್ತು ವರ್ತನೆಯ ಹೆಸರು ಎಂದು ಅವರಿಗೆ ಆಗ ಮನದಟ್ಟಾಯಿತು. ಮನುಷ್ಯ ಕಲಿತ ಮನೋಭಾವವಾದರೆ ಅದನ್ನು ಮನುಷ್ಯ ಬಿಡಲೂ ಬಲ್ಲ.

ಬಿಳಿಯನಿಗೆ ಕರಿಯನ ಮೇಲಾಗಲಿ, ಕರಿಯನಿಗೆ ಬಿಳಿಯನ ಮೇಲಾಗಲಿ ಶ್ರೇಷ್ಠತೆ ಇಲ್ಲ, ಶ್ರೇಷ್ಠತೆ ಇರುವುದು ತಖ್ವಾದಲ್ಲಿ ಎಂದು ಪ್ರವಾದಿ(ಸ)ರು ಹಜ್ಜತುಲ್ ವಿದಾ ಸಂದರ್ಭದಲ್ಲಿ ಕಲಿಸಿದರು. ಇದನ್ನು ನಾವು ಮಿಂಬರ್‌ನಿಂದ ಎಷ್ಟೋ ಸಲ ಕೇಳಿದ್ದೇವೆ. ಕೇಳಿದ ನಂತರ ಮನೆಗೆ ಹೋಗಿ ಸೊಸೆ ಹುಡುಕುವಾಗ ‘ಹುಡುಗಿ ಬೆಳ್ಳಗಿದ್ದಾಳೆಯೇ?’ ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ. ಅಮೆರಿಕಕ್ಕೆ ಹೋದ ನಮ್ಮ ಮಕ್ಕಳಲ್ಲಿ, ತಮಗೆ ಅವಮಾನವಾದರೆ ನೋಯುವವರು, ಕರಿಯ ನೆರೆಯವನಿಗೆ ಅವಮಾನವಾದಾಗ ಸುಮ್ಮನಿರುವುದುಂಟು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟು. ಮಕ್ಕಳಿಗೆ ಡೊಲ್ಲಾ, ತಿಂದ್, ಅಹ್ಮದ್ ಹಸನ್ ಇವರ ಕಥೆಗಳನ್ನು ಹೇಳಿರಿ. ಜನರನ್ನು ವಿಂಗಡಿಸುವ ಪಟ್ಟಿಯಲ್ಲಿ ಇಂದು ಮೇಲೆ ಇರುವ ಹೆಸರು ನಾಳೆ ಕೆಳಗೆ ಬರಬಹುದೆಂದು ಅವರಿಗೆ ತಿಳಿಯಲಿ. ಬಾಗಿಲ ಬಳಿ ನಿಂತಾಗ ‘ನನ್ನನ್ನು ಮಾತ್ರ ಒಳಗೆ ಬಿಡಿ’ ಎನ್ನದೆ, ಪಕ್ಕದಲ್ಲಿ ನಿಂತವನಿಗಾಗಿಯೂ ಮಾತನಾಡುವ ಧೈರ್ಯ ಅವರಿಗೆ ಬರಲಿ.

ಅಲ್ಲಾಹನು ನಮ್ಮ ಹೃದಯಗಳಿಂದ ಹಮ್ಮನ್ನು ತೊಲಗಿಸಲಿ, ನ್ಯಾಯದ ಪರವಾಗಿ ನಿಲ್ಲುವ ತೌಫೀಕ್ ನೀಡಲಿ. ಆಮೀನ್.