ಮೊದಲು ಕ್ಷೇಮ, ಆಮೇಲೆ ವಿಷಯ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ಒಂದು ಬಂಡೆಯಿದೆ. ಸುತ್ತಲಿನವರಿಗೆ ಅದು ಅಕ್ಷರಗುಂಡು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಶೋಕನ ಅಧಿಕಾರಿಗಳು ಅದರ ಮೇಲೆ ಕೆತ್ತಿಸಿದ ಸಂದೇಶದ ಮೊದಲ ಸಾಲೇ ಕುಶಲ ವಿಚಾರಣೆ. ಸುವರ್ಣಗಿರಿಯ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳ ಪರವಾಗಿ ಇಸಿಲದ ಮಹಾಮಾತ್ರರ ಆರೋಗ್ಯ ಕೇಳಬೇಕು, ಅದಾದ ಮೇಲೆ ದೊರೆಯ ಮಾತು ತಿಳಿಸಬೇಕು. ಎಂಥ ಅವಸರದ ಕೆಲಸವಿದ್ದರೂ ‘ಊಟ ಆಯ್ತೇನಣ್ಣ’ ಎಂದು ಕೇಳದೆ ವಿಷಯಕ್ಕೆ ಬಾರದ ಈ ಸೀಮೆಯವರಿಗೆ ಆ ಕ್ರಮ ಚೆನ್ನಾಗಿಯೇ ಅರ್ಥವಾಗುತ್ತದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಬೆಟ್ಟ ಈ ಮೂರೂ ಕಡೆಯ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಜಟಿಂಗರಾಮೇಶ್ವರದ ಕಲ್ಲಿಗೆ ಬಳೆಗಾರರ ಗುಂಡು ಎಂಬ ಹೆಸರು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೇ ಅಂಗಡಿ ಹೂಡಿದ್ದರಿಂದ ಅಕ್ಷರಗಳು ಸವೆದುಹೋದವು. ಚಕ್ರವರ್ತಿಯ ಮಾತಿಗಿಂತ ಹಸಿರು ಬಳೆಗೇ ಗಿರಾಕಿ ಹೆಚ್ಚು.

ಸಂದೇಶದಲ್ಲಿ ಇರುವುದು ಸರಳ ನಡವಳಿಕೆ. ತಂದೆತಾಯಿಗಳ, ಹಿರಿಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಇದು ಹಿಂದಿನಿಂದ ಬಂದ ರೀತಿ ಎಂದೂ ಶಾಸನ ಹೇಳುತ್ತದೆ. ಹೊರಗಿನಿಂದ ಬಂದ ಪ್ರಭುತ್ವ ‘ನಿಮಗೆ ಹೊಸದನ್ನು ಕಲಿಸುತ್ತೇನೆ’ ಎಂದು ಎದೆಯುಬ್ಬಿಸದೆ, ಹಳೆಯದನ್ನೇ ನೆನಪಿಸುತ್ತೇನೆ ಎಂದ ಜಾಣತನ ಇಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ವಾಯವ್ಯ ಭಾರತದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬಯಲುಸೀಮೆಯ ಕಲ್ಲಿನಲ್ಲಿ ಪರದೇಶಿಯೊಬ್ಬನ ರುಜು!

ಈ ನಡವಳಿಕೆಯನ್ನು ಕಲಿಸುವ ಕ್ರಮ ಗೊತ್ತಾಗುವುದು ಇದೇ ಸಂದೇಶದ ಇನ್ನೊಂದು ಪಾಠದಲ್ಲಿ, ಕರ್ನೂಲು ಸೀಮೆಯ ಎರ್ರಗುಡಿಯ ಕಲ್ಲಿನಲ್ಲಿ. ಡಂಗುರ ಹೊಡೆಸಿ ಜನರಿಗೆ ತಿಳಿಸಿ. ಆನೆ ಏರುವವರು, ಕರಣಿಕರು, ರಥದ ಗುರುಗಳು, ಬ್ರಾಹ್ಮಣರು ತಂತಮ್ಮ ಶಿಷ್ಯರಿಗೆ ಹೇಳಿಕೊಡಲಿ ಎಂಬುದು ಅಲ್ಲಿನ ಏರ್ಪಾಡು. ಯಾರ ಮಾತನ್ನು ಯಾರು ಕೇಳುತ್ತಾರೋ ಅವರ ಬಾಯಿಂದಲೇ ಹೇಳಿಸುವ ಉಪಾಯ. ಪರಪಂಥದ ವಿಷಯದಲ್ಲಿ ನಾಲಿಗೆಗೆ ಕಡಿವಾಣವಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ ಎನ್ನುವ ಅಶೋಕನ ಹನ್ನೆರಡನೇ ಬಂಡೆಶಾಸನದ ಭಾಗವೂ ಕರ್ನಾಟಕದಲ್ಲೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಆ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿ ಕೂತಿತ್ತು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದಾಗ ಹೊರಬಂತು.

ಇಂದಿನ ಮೊಳಕಾಲ್ಮುರಿನಲ್ಲಿ ಕಿವಿಗೆ ಬೀಳುವ ಭಾಷೆ ಒಂದೇ ಅಲ್ಲ. ಪಕ್ಕದಲ್ಲೇ ಆಂಧ್ರದ ರಾಯದುರ್ಗ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಉರ್ದು, ಲಂಬಾಣಿ ಬೇರೆ. ರೇಷ್ಮೆ ಸೀರೆಯ ಮಗ್ಗದ ಮನೆಗೆ ಬರುವ ವ್ಯಾಪಾರಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದರೂ ಉತ್ತರ ಸಿಗುತ್ತದೆ.

ಕಷ್ಟವಾಗುವುದು ಭಾಷೆ ಗೊತ್ತಿದ್ದೂ ರೀತಿ ಗೊತ್ತಿಲ್ಲದವರಿಗೆ. ಮೊಳಕಾಲ್ಮುರು, ಚಳ್ಳಕೆರೆ ಈ ಎರಡೂ ತಾಲ್ಲೂಕುಗಳಲ್ಲಿ ಮ್ಯಾಸನಾಯಕರ, ಕಾಡುಗೊಲ್ಲರ ಹಟ್ಟಿಗಳಿವೆ. ಮ್ಯಾಸನಾಯಕರ ಸಂಪ್ರದಾಯದಲ್ಲಿ ಕೋಳಿ, ಹೆಂಡ ನಿಷಿದ್ಧ. ಅವರ ದೇವರ ಎತ್ತುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ. ಅವನ್ನು ಕಾಯುವ ಕಿಲಾರಿಗೆ ಕಟ್ಟುನಿಟ್ಟಿನ ವ್ರತ. ರೊಪ್ಪದ ಹತ್ತಿರ ಚಪ್ಪಲಿ ಮೆಟ್ಟಿಕೊಂಡೇ ನಿಂತು ‘ಈ ಎತ್ತಿಂದ ಏನು ಲಾಭ?’ ಎಂದು ಕೇಳಿದವನ ಮುಂದೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಪಾಠವನ್ನು ಚೆನ್ನಾಗಿ ಕಲಿತವರು ಜಾನಪದ ಸಂಗ್ರಾಹಕರು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಹಾಡು ಬರುತ್ತಿತ್ತು. ಕೃಷ್ಣಮೂರ್ತಿ ಹನೂರರಂಥವರು ಹಟ್ಟಿಗೆ ಹೋಗಿ ಆಕೆಯ ಮುಂದೆ ಕೂತು ಕೇಳಿಸಿಕೊಂಡರು. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಆ ಅಜ್ಜಿಗೆ ನಾಡೋಜ ಪದವಿ ಕೊಟ್ಟಿತು.

ಗೌರವವೆಂದರೆ ಎಲ್ಲಕ್ಕೂ ತಲೆಯಾಡಿಸುವುದೇ? ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನು, ಬಾಣಂತಿ ಮತ್ತು ಹಸುಗೂಸನ್ನು ಊರಾಚೆ ಇರಿಸುವ ಪದ್ಧತಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಗಿಡುತ್ತದೆ. ಮಳೆ, ಚಳಿ, ಹಾವಿನ ಭಯದಲ್ಲಿ ಮಲಗುವ ತಾಯಿಯ ಮುಂದೆ ‘ಅದು ಅವರ ಸಂಸ್ಕೃತಿ’ ಎಂದು ಸುಮ್ಮನಾಗುವುದು ಮರ್ಯಾದೆಯಲ್ಲ, ಜಾರಿಕೊಳ್ಳುವುದು. ಜೀಪಿನಿಂದಿಳಿದು ‘ನೀವೆಲ್ಲ ಮೂಢರು’ ಎಂದು ಗದರಿ ಹೋಗುವವರಿಂದಲೂ ಪ್ರಯೋಜನವಿಲ್ಲ. ಜೀಪು ತಿರುಗಿದ ಮೇಲೆ ಗುಡಿಸಲು ಅಲ್ಲೇ ಇರುತ್ತದೆ. ಆಶಾ ಕಾರ್ಯಕರ್ತೆ ಮನೆಯ ಹಿರಿಯ ಹೆಂಗಸನ್ನು ‘ಅವ್ವಾ’ ಎಂದು ಕರೆದು, ಮೊಮ್ಮಗುವಿನ ತೂಕದಿಂದ ಮಾತು ತೆಗೆದರೆ ಕೇಳುವ ಕಿವಿ ಸಿಗುವ ಸಂಭವ ಹೆಚ್ಚು. ಹಟ್ಟಿಯ ಓದಿದ ಹೆಣ್ಣುಮಗಳೇ ಆ ಮಾತು ಎತ್ತಿದರೆ ಇನ್ನೂ ಹೆಚ್ಚು. ಎರ್ರಗುಡಿಯ ಕಲ್ಲು ಹೇಳುವ ಉಪಾಯವೂ ಅದೇ.

ಕೇಳದೆ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ಚಳ್ಳಕೆರೆಯ ಅಮೃತಮಹಲ್ ಕಾವಲು ಸಾಕ್ಷಿ. ಕುರಿ, ದನ, ದೇವರ ಎತ್ತು ಮೇಯುತ್ತಿದ್ದ, ಕಂಬಳಿಯ ಉಣ್ಣೆಗೆ ಮೂಲವಾಗಿದ್ದ ಈ ಹುಲ್ಲುಗಾವಲಿನ ಸಾವಿರಾರು ಎಕರೆಯನ್ನು ಸರ್ಕಾರ ಡಿಆರ್‌ಡಿಒ, ಬಾರ್ಕ್, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಿತು. ತಮ್ಮನ್ನು ಯಾರೂ ಕೇಳಲಿಲ್ಲ ಎಂಬುದು ಊರವರ ದೂರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2014ರಲ್ಲಿ ತೀರ್ಪು ಬಂತು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ದೇಶಕ್ಕೆ ಅದು ಬೇಕಿತ್ತೆನ್ನಿ. ಗೋಡೆ ಏಳುವ ಮುನ್ನ ಹಟ್ಟಿಯ ಕಟ್ಟೆಮನೆಯಲ್ಲಿ ಕೂತು ಕ್ಷೇಮ ವಿಚಾರಿಸಿದ್ದರೆ ಅದಕ್ಕೆ ತಗಲುತ್ತಿದ್ದ ಖರ್ಚು ಒಂದು ಲೋಟ ಚಹಾ.

ಇದೇ ಕಾವಲಿನ ಕುದಾಪುರದಲ್ಲಿ ವಿಜ್ಞಾನ ಸಂಸ್ಥೆ ಶಾಲಾ ಶಿಕ್ಷಕರಿಗೆ ತರಬೇತಿ ನಡೆಸುತ್ತದೆ. ಒಳ್ಳೆಯ ಕೆಲಸ. ಹೊಸದಾಗಿ ಬರುವ ಎಂಜಿನಿಯರುಗಳಿಗೂ ಅಲ್ಲೇ ಅರ್ಧ ದಿನದ ಒಂದು ತರಗತಿ ಇಡಬಹುದು, ಕಿಲಾರಿಯೊಬ್ಬನನ್ನು ಮೇಷ್ಟ್ರಾಗಿ ಕರೆಸಿ: ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಎತ್ತುಗಳು ನೀರಿಗೆ ಯಾವ ದಾರಿ ಹಿಡಿಯುತ್ತವೆ, ಹಟ್ಟಿಯಲ್ಲಿ ಮೊದಲು ಯಾರನ್ನು ಕಂಡು ಮಾತಾಡಬೇಕು.