ನಿಮಗಿದು ಗೊತ್ತೆ? ಐದನೇ ಮಹಡಿಯ ಕಿಟಕಿ ಕಾರ್ಖಾನೆ

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದ್ದು. 102 ಅಂತಸ್ತು, 6,514 ಕಿಟಕಿ. 2010ರಲ್ಲಿ ಇಂಧನ ಉಳಿಸಲೆಂದು ಅಷ್ಟೂ ಕಿಟಕಿಗಳನ್ನು ನವೀಕರಿಸಿದರು. ಹಳೆಯದನ್ನು ಗುಜರಿಗೆ ಹಾಕಿ ಹೊಸದು ತರಿಸಿದರು ಎಂದುಕೊಂಡರೆ ತಪ್ಪು. ಕಟ್ಟಡದ ಐದನೇ ಮಹಡಿಯಲ್ಲೇ ಪುಟ್ಟ ಕಾರ್ಖಾನೆ ತೆರೆದರು! ಜೋಡಿ ಗಾಜುಗಳನ್ನು ಬಿಡಿಸಿ, ತೊಳೆದು, ನಡುವೆ ತೆಳು ಪದರವೊಂದನ್ನು ಬಿಗಿದು, ಶಾಖ ಸುಲಭವಾಗಿ ದಾಟದಂಥ ಅನಿಲ ತುಂಬಿ, ಮತ್ತೆ ಅದೇ ಚೌಕಟ್ಟಿಗೆ ಕೂರಿಸಿದರು. ಶೇ 96ರಷ್ಟು ಹಳೆಯ ಸಾಮಗ್ರಿಯೇ ಮರುಬಳಕೆಯಾಯಿತು.

ಕಿಟಕಿ ಗಟ್ಟಿಯಾದದ್ದರ ಲಾಭ ನೆಲಮಾಳಿಗೆಯ ತಂಪುಯಂತ್ರಗಳಿಗೂ ಇಳಿಯಿತು. ಬೇಸಿಗೆಯ ಸೆಕೆ ಒಳನುಗ್ಗುವುದು ಕಡಿಮೆಯಾದ್ದರಿಂದ ಇನ್ನೂ ದೊಡ್ಡ ತಂಪುಯಂತ್ರ ಕೊಳ್ಳುವ ಅಗತ್ಯವೇ ಬೀಳಲಿಲ್ಲ; ಇದ್ದವನ್ನೇ ದುರಸ್ತಿ ಮಾಡಿದರು. ಜಾಣತನವೆಂದರೆ ಇದೇ ಇರಬೇಕು. ಗೋಡೆ ಮತ್ತು ಹೀಟರುಗಳ ನಡುವೆ ಶಾಖ ತಡೆಯುವ ಹಾಳೆ ಸಿಕ್ಕಿಸಿದರು. ಲಿಫ್ಟುಗಳದ್ದು ಇನ್ನೊಂದು ಸೋಜಿಗ: ಜನ ತುಂಬಿಕೊಂಡು ಕೆಳಗಿಳಿಯುವಾಗ ಮೋಟಾರೇ ಜನರೇಟರಾಗಿ ವಿದ್ಯುತ್ತನ್ನು ಕಟ್ಟಡಕ್ಕೆ ಮರಳಿಸುತ್ತದೆ.

ಶಕ್ತಿ ಬಳಕೆಯನ್ನು ಶೇ 38ರಷ್ಟು ಇಳಿಸುವುದು ಗುರಿಯಾಗಿತ್ತು. ಮೊದಲ ವರ್ಷವೇ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಉಳಿಯಿತು.

ಇಂಥ ಉಳಿತಾಯಕ್ಕೆ ಮಹತ್ವವಿದೆ: ನ್ಯೂಯಾರ್ಕ್ ನಗರದ ಇಂಗಾಲ ಹೊರಸೂಸುವಿಕೆಯಲ್ಲಿ ಸುಮಾರು ಮೂರನೇ ಎರಡು ಪಾಲು ಕಟ್ಟಡಗಳದ್ದೇ; ವಾಹನಗಳದ್ದಲ್ಲ. ಹಾಗಾಗಿ 2019ರಲ್ಲಿ ಬಂದ ಕಾನೂನು, 25,000 ಚದರ ಅಡಿ ಮೀರಿದ ಬಹುತೇಕ ಕಟ್ಟಡಗಳಿಗೆ 2024ರಿಂದ ಹೊರಸೂಸುವಿಕೆಯ ಮಿತಿ ಹೇರಿದೆ. ಮೀರಿದರೆ ದಂಡ.