ಸಕ್ಕರೆ ಕಾಯಿಲೆ ಇರುವವರಿಗೆ ಹೃದಯದ ಬೈಪಾಸ್: ಯಾವ ವಿಧಾನ ಸೂಕ್ತ?

ಹೃದಯದ ಮೂರು ರಕ್ತನಾಳಗಳಲ್ಲೂ ತಡೆ ಇದೆ, ಬೈಪಾಸ್ ಮಾಡಿಸುವುದು ಒಳ್ಳೆಯದು ಎಂದು ವೈದ್ಯರು ಹೇಳಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, "ಎದೆ ತೆರೆಯದೆ ಸ್ಟೆಂಟ್ ಹಾಕಿದರೆ ಸಾಲದೇ?" ರೋಗಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಗಾಯ ಮಾಯಲಿಕ್ಕಿಲ್ಲ ಎಂಬ ಹೆದರಿಕೆ ಬೇರೆ. ಹೆದರಿಕೆ ಸಹಜವೇ. ಆದರೆ ಹೆದರಿಕೆಯಿಂದ ತೆಗೆದುಕೊಂಡ ತೀರ್ಮಾನ ಯಾವಾಗಲೂ ಸರಿಯಾಗಿರುವುದಿಲ್ಲ.

ಸ್ಟೆಂಟೋ, ಬೈಪಾಸೋ?

ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ತಡೆಯಿದ್ದ 1900 ಮಧುಮೇಹಿಗಳ ಮೇಲೆ ನಡೆದ 'ಫ್ರೀಡಂ' ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. 5 ವರ್ಷಗಳ ಲೆಕ್ಕದಲ್ಲಿ ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 16.3 ಮಂದಿ ತೀರಿಕೊಂಡಿದ್ದರೆ, ಬೈಪಾಸ್ ಆದವರಲ್ಲಿ ಶೇ. 10.9. ಹೃದಯಾಘಾತವೂ ಬೈಪಾಸ್ ಆದವರಲ್ಲೇ ಕಡಿಮೆ. ಪಾರ್ಶ್ವವಾಯು ಮಾತ್ರ ಅವರಲ್ಲಿ ಹೆಚ್ಚು: ಶೇ. 5.2, ಸ್ಟೆಂಟ್‌ನವರಲ್ಲಿ ಶೇ. 2.4.

ಇದಕ್ಕೆ ಕಾರಣವಿದೆ. ಸ್ಟೆಂಟ್ ತಡೆಯಿರುವ ಒಂದು ಜಾಗವನ್ನು ಮಾತ್ರ ತೆರೆಯುತ್ತದೆ. ಮಧುಮೇಹಿಗಳಲ್ಲಿ ರೋಗ ನಾಳದ ಉದ್ದಕ್ಕೂ ಹರಡಿರುವುದುಂಟು. ಬೈಪಾಸ್ ಆ ಭಾಗವನ್ನೇ ದಾಟಿಸಿ ಮುಂದಕ್ಕೆ ರಕ್ತ ಮುಟ್ಟಿಸುತ್ತದೆ. ಆದರೆ ಹೃದಯಾಘಾತ ಆಗುತ್ತಿರುವಾಗ ಜೀವ ಉಳಿಸಲು ಕೂಡಲೇ ಹಾಕುವ ಸ್ಟೆಂಟ್‌ನ ವಿಷಯ ಬೇರೆ. ಅಲ್ಲಿ ಚರ್ಚೆಗೆ ಸಮಯವಿಲ್ಲ.

ಯಾವ ನಾಳ ಜೋಡಿಸುತ್ತಾರೆ?

ಎದೆಗೂಡಿನ ಒಳಬದಿಯ ಎಡ ಅಪಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುವುದು ಇಂದು ಎಲ್ಲೆಡೆ ಇರುವ ಪದ್ಧತಿ. 10 ವರ್ಷಗಳ ನಂತರವೂ ಇದು ಸುಮಾರು ಶೇ. 90ರಷ್ಟು ಜನರಲ್ಲಿ ತೆರೆದಿರುತ್ತದೆ. ಕಾಲಿನಿಂದ ತೆಗೆದ ಅಭಿಧಮನಿಗಳಲ್ಲಿ ಅಷ್ಟರೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿಹೋಗಬಹುದು. ಆದುದರಿಂದ ಎರಡನೆಯ ನಾಳವಾಗಿ ಮುಂಗೈಯ ಅಪಧಮನಿಯನ್ನು ಬಳಸುವವರಿದ್ದಾರೆ. ಆರು ಅಧ್ಯಯನಗಳ 1036 ರೋಗಿಗಳ ಮಾಹಿತಿ ಸೇರಿಸಿ 2018ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 5 ವರ್ಷಗಳಲ್ಲಿ ಅದು ಕಾಲಿನ ನಾಳಕ್ಕಿಂತ ಉತ್ತಮವಾಗಿ ಉಳಿದಿತ್ತು.

ಎದೆಯ ಎಡ, ಬಲ ಎರಡೂ ಅಪಧಮನಿಗಳನ್ನು ತೆಗೆದರೆ ಇನ್ನೂ ಒಳ್ಳೆಯದಲ್ಲವೇ? ಎದೆಮೂಳೆಗೆ ರಕ್ತ ಬರುವುದು ಇವುಗಳಿಂದಲೇ. ಎರಡನ್ನೂ ತೆಗೆದರೆ ಮೂಳೆ ಕೂಡುವುದು ತಡವಾಗಿ ಸೋಂಕು ತಗಲಬಹುದು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ, ಸ್ಥೂಲದೇಹಿಗಳಿಗೆ ಈ ಅಪಾಯ ಹೆಚ್ಚು. ಸುತ್ತಲಿನ ಅಂಗಾಂಶವನ್ನು ಬಿಟ್ಟು ನಾಳವನ್ನಷ್ಟೇ ಬಿಡಿಸಿ ತೆಗೆದರೆ ಅಪಾಯ ಕಡಿಮೆಯಾಗುತ್ತದೆ. 3102 ರೋಗಿಗಳ 'ಆರ್ಟ್' ಅಧ್ಯಯನದ 10 ವರ್ಷಗಳ ಫಲಿತಾಂಶ 2019ರಲ್ಲಿ ಹೊರಬಂತು. ಒಂದು ನಾಳಕ್ಕೂ ಎರಡಕ್ಕೂ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹೃದಯ ನಿಲ್ಲಿಸಿಯೋ, ಮಿಡಿಯುತ್ತಿರುವಾಗಲೋ?

ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ವಹಿಸಿ ಹೊಲಿಯುವುದು ಒಂದು ಕ್ರಮ. ಮಿಡಿಯುತ್ತಿರುವ ಹೃದಯದ ಮೇಲೆಯೇ ಹೊಲಿಯುವುದು ಇನ್ನೊಂದು. ಭಾರತವೂ ಸೇರಿ 19 ದೇಶಗಳ 4752 ರೋಗಿಗಳನ್ನು ಗಮನಿಸಿದ 'ಕರೋನರಿ' ಅಧ್ಯಯನದಲ್ಲಿ 5 ವರ್ಷಗಳ ನಂತರ ಎರಡರ ಫಲಿತಾಂಶವೂ ಹತ್ತಿರಹತ್ತಿರವಿತ್ತು. ವಿಧಾನದ ಹೆಸರಿಗಿಂತ ಅದರಲ್ಲಿ ಶಸ್ತ್ರವೈದ್ಯರಿಗಿರುವ ಅನುಭವವೇ ಮುಖ್ಯ.

ನಾವು ಮಾಡಬೇಕಾದದ್ದು

ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರ ಸಕ್ಕರೆಯನ್ನು ಹತೋಟಿಯಲ್ಲಿಡುವುದೇ ಗಾಯಕ್ಕೆ ದೊಡ್ಡ ರಕ್ಷಣೆ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದವನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಲು ಅವರು ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು. ರೋಗಿಯನ್ನು ನೋಡಲು ಹೋಗುವವರು ಕೈ ತೊಳೆದುಕೊಂಡು, ಒಬ್ಬೊಬ್ಬರಾಗಿ ಹೋಗಿ, ಬೇಗನೆ ಹಿಂದಿರುಗಿದರೆ ಅದೂ ಒಂದು ಸೇವೆಯೇ.

ಇನ್ನೊಂದು ಮಾತು. ಮಧುಮೇಹಿಗಳಲ್ಲಿ ಎದೆನೋವಿಲ್ಲದೆಯೂ ಹೃದಯಾಘಾತ ಆಗಬಹುದು. ನಡೆದಾಗ ಏದುಸಿರು, ಕಾರಣವಿಲ್ಲದ ಸುಸ್ತು, ಬೆವರು ಕಂಡರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ.